ಬೇರೆಯಾದ ಮನೆಯ ಮಕ್ಕಳು ಒಟ್ಟಿಗೆ ಕೂತಾಗ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಹಾಗಾಗಿ ಕಂಪ್ಯೂಟರ್ ಬಗ್ಗೆ, ಮುಂದೆ ಯಾವ ಕೋರ್ಸಿಗೆ ಬೆಲೆ ಬರುತ್ತದೆ ಎಂಬ ಬಗ್ಗೆ ನಾಲ್ಕು ಮಾತು ಹೇಳಲಿ ಎಂದು ಸಂಘಟಕರು ಕರೆದರು. ಆ ಮಾತನ್ನು ನನಗಿಂತ ಚೆನ್ನಾಗಿ ಹೇಳುವವರು ಈ ಸಭೆಯಲ್ಲೇ ಇದ್ದಾರೆ. ನಾನು ಬೇರೊಂದು ವಿಷಯ ಕೇಳಿ ಪಡೆದೆ. ಅಪ್ಪ ಅವ್ವ ಬೇರೆಯಾದ ಮನೆಯ ಹದಿಹರೆಯದ ಮಕ್ಕಳ ವಿಷಯ. ಅಂಥ ಮಕ್ಕಳು ಗುಂಪಾಗಿ ಕೂತು ಮಾತಾಡಿ ಮನಸ್ಸು ಗಟ್ಟಿ ಮಾಡಿಕೊಳ್ಳುವ ವಿಧಾನವೊಂದಿದೆ. ಅದಕ್ಕೆ ಗುಂಪು ಚಿಕಿತ್ಸೆ ಅಥವಾ ಗುಂಪು ಆಪ್ತಸಮಾಲೋಚನೆ ಎನ್ನುತ್ತಾರೆ. ಅದು ಏನು, ನಮ್ಮ ಶಾಲೆಯಲ್ಲಿ ಆದೀತೇ ಎಂಬುದೇ ಇವತ್ತಿನ ನನ್ನ ಮಾತು.

ನನಗೇಕೆ ಈ ವಿಷಯ ಎಂದು ಕೆಲವರು ಕೇಳಬಹುದು. ಕೆಲವರಿಗೆ ಗೊತ್ತೇ ಇದೆ. ನಾನು ಎಂಟನೆಯ ತರಗತಿಗೆ ಇಲ್ಲಿ ಹೆಸರು ಹಚ್ಚಿದ್ದು ನಮ್ಮವ್ವ ತವರಿಗೆ ತಿರುಗಿ ಬಂದ ವರ್ಷ. ಸೋದರಮಾವನ ಮನೆಯಲ್ಲಿದ್ದುಕೊಂಡು ಮೂರು ವರ್ಷ ಈ ಶಾಲೆಯಲ್ಲಿ ಓದಿದೆ. ಈ ಮಾತು ಇಲ್ಲಿ ಆಡಲು ಅವ್ವನ ಒಪ್ಪಿಗೆ ಪಡೆದಿದ್ದೇನೆ. ಅಪ್ಪನಿಗೂ ಫೋನ್ ಮಾಡಿ ತಿಳಿಸಿದ್ದೇನೆ. ಇಬ್ಬರಲ್ಲಿ ಯಾರ ಮೇಲೂ ದೂರು ಹೇಳಲು ನಾನಿಲ್ಲಿ ನಿಂತಿಲ್ಲ.

ಮೊದಲು ನಮ್ಮ ಭಾಗದ ಸಂಗತಿ ನೋಡೋಣ. ಪತ್ರಿಕೆಗಳಲ್ಲಿ ವಿಚ್ಛೇದನ ಎಂಬ ಶಬ್ದ ಓದಿದಾಗ ಅದು ಪಟ್ಟಣದವರ, ಇಂಗ್ಲಿಷ್ ಓದಿದವರ ಸಂಗತಿ ಎನಿಸುತ್ತದೆ. ನಮ್ಮಲ್ಲಿ ಆ ಶಬ್ದ ಬಳಕೆಯಲ್ಲಿಲ್ಲ, ಅಷ್ಟೇ. ನಮ್ಮಲ್ಲಿ ‘ಸೋಡಚೀಟಿ ಆಗೇತಿ’ ಎನ್ನುತ್ತಾರೆ, ‘ತವರಮನಿಗೆ ಬಂದ ಕುಂತಾಳ’ ಎನ್ನುತ್ತಾರೆ, ‘ಆತ ನಡಸವಲ್ಲ’ ಎನ್ನುತ್ತಾರೆ. ಹಿರಿಯರು ಕೂತು ಪಂಚಾಯ್ತಿ ಮಾಡಿ ಬಿಡಿಸುವುದೂ, ಬಿಟ್ಟವಳಿಗೆ ಉಡಿಕಿ ಮಾಡುವುದೂ ಅನೇಕ ಸಮುದಾಯಗಳಲ್ಲಿ ಅಜ್ಜ ಮುತ್ತಜ್ಜರ ಕಾಲದಿಂದ ನಡೆದು ಬಂದದ್ದೇ. 1955ರ ಹಿಂದೂ ವಿವಾಹ ಕಾಯ್ದೆ ಬಂದಾಗ, ರೂಢಿಯಿಂದ ಬಂದ ಇಂಥ ವಿಚ್ಛೇದನದ ಹಕ್ಕನ್ನು ಅದರ 29ನೆಯ ಕಲಮು ಹಾಗೆಯೇ ಉಳಿಸಿಕೊಂಡಿತು. ಇಬ್ಬರೂ ಒಪ್ಪಿ ಕೋರ್ಟಿನಲ್ಲಿ ಬೇರೆಯಾಗುವ ಅವಕಾಶ 1976ರ ತಿದ್ದುಪಡಿಯಿಂದ ಬಂತು.

2011ರ ಜನಗಣತಿಯಲ್ಲಿ ದೇಶದಲ್ಲಿ ವಿಚ್ಛೇದಿತರೆಂದು ಬರೆಸಿದವರು ಸುಮಾರು 13.6 ಲಕ್ಷ ಜನ. ಆದರೆ ವಿಚ್ಛೇದನವಿಲ್ಲದೆ ಬೇರೆ ಬಾಳುತ್ತಿದ್ದೇವೆ ಎಂದು ಬರೆಸಿದವರು ಅದರ ಎರಡು ಪಟ್ಟಿಗೂ ಮಿಕ್ಕಿ ಇದ್ದರು. ನಮ್ಮ ದೇಶದಲ್ಲಿ ಬೇರೆಯಾದವರ ಪೈಕಿ ಹೆಚ್ಚಿನವರ ಕೈಯಲ್ಲಿ ಯಾವ ಕಾಗದವೂ ಇಲ್ಲ ಎಂದು ಇದರ ಅರ್ಥ. ಕಾಗದ ಇಲ್ಲದಿದ್ದರೆ ಮಗುವಿಗೆ ಇನ್ನೊಂದು ತೊಡಕು. ‘ಮುಗಿದು ಹೋಯಿತು’ ಎಂದೂ ಯಾರೂ ಹೇಳುವುದಿಲ್ಲ, ‘ಮತ್ತೆ ಕೂಡುತ್ತಾರೆ’ ಎಂದೂ ಹೇಳುವುದಿಲ್ಲ. ಪ್ರತಿ ದೀಪಾವಳಿಗೂ, ಪ್ರತಿ ಜಾತ್ರೆಗೂ ಮಗು ದಾರಿ ಕಾಯುತ್ತದೆ.

ಆ ವಯಸ್ಸಿನಲ್ಲಿ ಮನಸ್ಸಿನೊಳಗೆ ಏನು ನಡೆಯುತ್ತದೆ? ನಾನು ಅನುಭವಿಸಿದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ.

ಒಂದು, ತಪ್ಪು ನನ್ನದೇ ಇರಬೇಕು ಎಂಬ ಅನುಮಾನ. ನನ್ನ ಫೀ ಸಲುವಾಗಿ ಜಗಳಾಡಿದರು, ನನ್ನ ಹಟದಿಂದ ಜಗಳ ಹತ್ತಿತು ಎಂದು ಮಗು ಲೆಕ್ಕ ಹಾಕುತ್ತದೆ. ಎರಡು, ಪಕ್ಷ ಹಿಡಿಯುವ ಸಂಕಟ. ಅಪ್ಪ ಕೊಡಿಸಿದ ಅಂಗಿ ತೊಟ್ಟರೆ ಅವ್ವ ನೊಂದಾಳು, ತೊಡದಿದ್ದರೆ ಅಪ್ಪ ನೊಂದಾನು. ಮೂರು, ಟಪಾಲಿನವನ ಕೆಲಸ. ‘ನಿಮ್ಮಪ್ಪಗ ಹೇಳು’, ‘ನಿಮ್ಮವ್ವಗ ಹೇಳು’ ಎಂದು ದೊಡ್ಡವರು ತಮ್ಮ ಸಿಟ್ಟನ್ನು ಮಕ್ಕಳ ಬಾಯಿಂದ ಕಳಿಸುತ್ತಾರೆ. ನಾಲ್ಕು, ನಾಚಿಕೆ. ಅರ್ಜಿ ತುಂಬುವಾಗ, ಪಾಲಕರ ಸಭೆಗೆ ಯಾರು ಬರುತ್ತಾರೆಂದು ಹೇಳುವಾಗ, ಲಗ್ನಪತ್ರಿಕೆಯಲ್ಲಿ ಹೆಸರು ಹುಡುಕುವಾಗ ಅದು ಕುತ್ತಿಗೆ ಹಿಡಿಯುತ್ತದೆ. ಐದು, ದೊಡ್ಡವರ ಭಾರ ಹೊರುವುದು. ಹದಿಮೂರರ ಹುಡುಗ ಮನೆಯ ಯಜಮಾನನಾಗುತ್ತಾನೆ. ಹದಿನಾಲ್ಕರ ಹುಡುಗಿ ತನ್ನ ತಾಯಿಗೆ ತಾಯಿಯಾಗುತ್ತಾಳೆ. ಊರು ಅವರನ್ನು ‘ಶಾಣ್ಯಾ ಆಗ್ಯಾನ, ಶಾಣ್ಯಾಕಿ ಆಗ್ಯಾಳ’ ಎಂದು ಹೊಗಳುತ್ತದೆ.

ಶಿಕ್ಷಕರಿಗೆ ಇದ್ಯಾವುದೂ ನೇರವಾಗಿ ಕಾಣುವುದಿಲ್ಲ. ಅವರಿಗೆ ಕಾಣುವುದು ಗಣಿತದಲ್ಲಿ ಇಳಿದ ಅಂಕ, ಸೋಮವಾರದ ಗೈರುಹಾಜರಿ, ಸುಮ್ಮಸುಮ್ಮನೆ ಹೊಡೆದಾಟ, ಹೊಟ್ಟೆನೋವು. ನಮ್ಮ ಕೆಲಸದಲ್ಲಿ ಒಂದು ಅನುಭವವಿದೆ. ಪ್ರೋಗ್ರಾಂ ನಿಂತುಹೋದ ಸಾಲು ಒಂದಿರುತ್ತದೆ, ದೋಷ ಹುಟ್ಟಿದ ಸಾಲು ಅದಕ್ಕಿಂತ ಎಷ್ಟೋ ಹಿಂದೆ ಇರುತ್ತದೆ. ನಿಂತ ಜಾಗವನ್ನೇ ತಿದ್ದುತ್ತ ಕೂತರೆ ಮರುದಿನ ಅದು ಇನ್ನೊಂದು ಕಡೆ ನಿಲ್ಲುತ್ತದೆ. ಗಣಿತಕ್ಕೆ ಟ್ಯೂಷನ್ ಹಚ್ಚಿದರೆ ಇಂಥ ಮಗುವಿನ ತೊಂದರೆ ಹೋಗುವುದಿಲ್ಲ.

ಇಲ್ಲಿ ಒಂದು ಸಮಾಧಾನದ ಮಾತನ್ನೂ ಹೇಳಲೇಬೇಕು. ಅಮೆರಿಕದಲ್ಲಿ ಜುಡಿತ್ ವಾಲರ್‌ಸ್ಟೈನ್ ಎಂಬ ವಿದ್ವಾಂಸೆ 1971ರಲ್ಲಿ ಕ್ಯಾಲಿಫೋರ್ನಿಯಾದ 60 ಕುಟುಂಬಗಳ 131 ಮಕ್ಕಳನ್ನು ಗಮನಿಸಲು ಆರಂಭಿಸಿ, ಅವರಲ್ಲಿ ಅನೇಕರನ್ನು 25 ವರ್ಷ ಹಿಂಬಾಲಿಸಿದರು. ನೋವು ದೊಡ್ಡವರಾದ ಮೇಲೂ, ತಮ್ಮ ಮದುವೆಯ ಹೊತ್ತಿಗೂ ತಲೆ ಎತ್ತುತ್ತದೆ ಎಂದರು. ಮೇವಿಸ್ ಹೆದರಿಂಗ್ಟನ್ ಎಂಬ ಇನ್ನೊಬ್ಬರು ವರ್ಜೀನಿಯಾದಲ್ಲಿ, ಬೇರೆಯಾದ ಮನೆಯ ಮಕ್ಕಳನ್ನು ಕೂಡಿ ಬಾಳುವ ಮನೆಯ ಮಕ್ಕಳೊಂದಿಗೆ ಹೋಲಿಸಿ ನೋಡಿದರು. ಗಂಭೀರ ತೊಂದರೆ ಕಂಡದ್ದು ಬೇರೆಯಾದ ಮನೆಗಳ ಮಕ್ಕಳಲ್ಲಿ ನೂರಕ್ಕೆ ಸುಮಾರು 25, ಕೂಡಿದ ಮನೆಗಳಲ್ಲಿ ನೂರಕ್ಕೆ ಸುಮಾರು 10. ಎರಡೂ ಅಂಕಿಗಳನ್ನು ಒಟ್ಟಿಗೆ ಓದಬೇಕು. ಅಪಾಯ ಹೆಚ್ಚು, ನಿಜ. ಆದರೆ ನಾಲ್ವರಲ್ಲಿ ಮೂವರು ದಡ ಸೇರುತ್ತಾರೆ. ಇಂಥ ಅನೇಕ ಅಧ್ಯಯನಗಳು ಒಪ್ಪುವ ಇನ್ನೊಂದು ಮಾತಿದೆ. ಬೇರೆಯಾದ ಆಮೇಲೂ ಮಕ್ಕಳೆದುರು ಮುಂದುವರಿಯುವ ಜಗಳ ಮಕ್ಕಳನ್ನು ಬಹಳ ಹಾಳು ಮಾಡುತ್ತದೆ. ಒಂದೇ ಸೂರಿನಡಿ ದಿನಾ ಹೊಡೆದಾಡುವ ಮನೆಯ ಮಗುವೂ ಸುಖವಾಗಿರುವುದಿಲ್ಲ.

ಈಗ ಗುಂಪಿನ ವಿಷಯಕ್ಕೆ ಬರುತ್ತೇನೆ. ಗುಂಪಾಗಿ ಕೂರಿಸುವ ಪದ್ಧತಿ ಆಧುನಿಕ ವೈದ್ಯದಲ್ಲಿ ಶುರುವಾದದ್ದು ಮನೋರೋಗಿಗಳಿಂದಲ್ಲ, ಕ್ಷಯರೋಗಿಗಳಿಂದ. 1905ರಲ್ಲಿ ಬಾಸ್ಟನ್ನಿನ ವೈದ್ಯ ಜೋಸೆಫ್ ಪ್ರಾಟ್, ಆಸ್ಪತ್ರೆಯಲ್ಲಿ ಉಳಿಯಲು ಹಣವಿಲ್ಲದ ಬಡ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಒಟ್ಟಿಗೆ ಸೇರಿಸಿ ಆರೈಕೆಯ ನಿಯಮ ಹೇಳಿಕೊಡತೊಡಗಿದ. ಒಂದೇ ರೋಗವಿರುವವರು ಒಬ್ಬರನ್ನೊಬ್ಬರು ನೋಡಿ ಧೈರ್ಯ ತಂದುಕೊಳ್ಳುವುದು ಅವನ ಕಣ್ಣಿಗೆ ಬಿತ್ತು. ಬೇರೆಯಾದ ಮನೆಯ ಮಕ್ಕಳಿಗೆಂದೇ ಶಾಲೆಯೊಳಗೆ ಗುಂಪು ನಡೆಸುವ ಪದ್ಧತಿಯೊಂದನ್ನು 1980ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ನಗರದಲ್ಲಿ ಜೊಆನ್ ಪೆಡ್ರೊ-ಕ್ಯಾರಲ್ ಮತ್ತು ಎಮರಿ ಕೋವೆನ್ ರೂಪಿಸಿದರು. ಗುಂಪಿನಲ್ಲಿ ಕೂತ ಮಕ್ಕಳನ್ನು, ಇನ್ನೂ ಸರದಿ ಬರದ ಅಂಥದೇ ಮಕ್ಕಳೊಂದಿಗೆ ಹೋಲಿಸಿ ನೋಡಿದರು. ಕೂತವರಲ್ಲಿ ಆತಂಕ ಇಳಿದಿತ್ತು, ತರಗತಿಯಲ್ಲಿನ ನಡವಳಿಕೆ ಸುಧಾರಿಸಿತ್ತು. ಮುಂದೆ ಅದನ್ನು ಬೇರೆ ಬೇರೆ ವಯಸ್ಸಿಗೆ ಹೊಂದಿಸಿದರು.

ಅಲ್ಲಿ ಏನು ಮಾಡುತ್ತಾರೆ? ಮಂತ್ರವೂ ಇಲ್ಲ, ಮಾತ್ರೆಯೂ ಇಲ್ಲ. ಒಂದೇ ಪ್ರಾಯದ ಆರರಿಂದ ಎಂಟು ಮಕ್ಕಳು, ತರಬೇತಾದ ಇಬ್ಬರು ನಡೆಸುವವರು. ವಾರಕ್ಕೆ ಒಂದು ಸಲ, ಸುಮಾರು ಒಂದು ತಾಸು, ಹತ್ತು ಹನ್ನೆರಡು ವಾರ. ದುಂಡಗೆ ಕೂರುವುದು. ಮೊದಲ ದಿನ ನಿಯಮಗಳನ್ನು ಮಕ್ಕಳೇ ಕೂಡಿ ಬರೆಯುವುದು: ಇಲ್ಲಿ ಕೇಳಿದ್ದು ಹೊರಗೆ ಹೋಗಬಾರದು, ನಗಬಾರದು, ಮಾತಾಡಲು ಒತ್ತಾಯವಿಲ್ಲ, ಸುಮ್ಮನೆ ಕೂತವರೂ ಗುಂಪಿನವರೇ. ಒಂದು ಡಬ್ಬಿ ಇಡುತ್ತಾರೆ. ಬಾಯಿಬಿಟ್ಟು ಕೇಳಲಾಗದ ಪ್ರಶ್ನೆಯನ್ನು ಹೆಸರಿಲ್ಲದೆ ಚೀಟಿಯಲ್ಲಿ ಬರೆದು ಹಾಕಬಹುದು. ಒಂದು ವಾರ ಮಕ್ಕಳನ್ನೇ ಪರಿಣತರನ್ನಾಗಿ ಮಾಡಿ, ಟಿವಿ ಚರ್ಚೆಯಂತೆ ಸಾಲಾಗಿ ಕೂರಿಸಿ, ಆ ಚೀಟಿಗಳಿಗೆ ಉತ್ತರ ಕೊಡಿಸುತ್ತಾರೆ. ‘ಅಪ್ಪ ಎರಡನೇ ಲಗ್ನ ಆದರೆ ನಾ ಹೋಗಬೇಕೋ ಬ್ಯಾಡೋ?’ ಎಂಬ ಚೀಟಿಗೆ ಆ ದಾರಿ ದಾಟಿ ಬಂದ ಹುಡುಗಿಯೇ ಉತ್ತರ ಹೇಳುತ್ತಾಳೆ.

ಇದರಲ್ಲಿ ಬಹಳ ಮುಖ್ಯವಾದ ಪಾಠ ಒಂದಿದೆ. ಹಲಗೆಯ ಮೇಲೆ ಎರಡು ಪಟ್ಟಿ ಮಾಡಿಸುತ್ತಾರೆ: ನನ್ನ ಕೈಯಲ್ಲಿ ಆಗುವುದು, ನನ್ನ ಕೈಯಲ್ಲಿ ಆಗದ್ದು. ಅಪ್ಪ ಅವ್ವನನ್ನು ಕೂಡಿಸುವುದು ಆಗದ್ದರ ಪಟ್ಟಿಗೆ ಹೋಗುತ್ತದೆ. ‘ನಿಮ್ಮ ಸಂದೇಶ ನೀವೇ ಹೇಳಿಕೊಳ್ರಿ, ನನ್ನ ಕೈಲಿ ಕಳಸಬ್ಯಾಡ್ರಿ’ ಎಂದು ಮರ್ಯಾದೆಯಿಂದ ಹೇಳುವುದು ಆಗುವುದರ ಪಟ್ಟಿಗೆ ಬರುತ್ತದೆ. ಅದನ್ನು ಹೇಗೆ ಹೇಳಬೇಕೆಂದು ಅಲ್ಲೇ ನಾಟಕದಂತೆ ಆಡಿ ರೂಢಿ ಮಾಡುತ್ತಾರೆ.

ಘಟಪ್ರಭಾ ಸ್ಟೇಷನ್ನಿನಲ್ಲಿ ರಾಣಿ ಚನ್ನಮ್ಮ ರೈಲು ಹತ್ತಿ ಬೆಂಗಳೂರಿಗೆ ಬಿ.ಇ. ಓದಲು ಹೋದಾಗ, ಎರಡನೆಯ ವರ್ಷದಲ್ಲಿ ಇಂಥ ಒಂದು ಗುಂಪಿನಲ್ಲಿ ನಾನೂ ಕೂತೆ. ಹಾಸ್ಟೆಲಿನ ಹುಡುಗರಿಗಾಗಿ ಆಪ್ತಸಮಾಲೋಚಕಿಯೊಬ್ಬರು ನಡೆಸುತ್ತಿದ್ದರು. ಎಂಟು ಜನ ಇದ್ದೆವು. ಮೊದಲ ಎರಡು ವಾರ ನಾನು ಬಾಯಿ ಬಿಡಲಿಲ್ಲ. ಮೂರನೆಯ ವಾರ ಮಂಡ್ಯ ಕಡೆಯ ಹುಡುಗನೊಬ್ಬ, ಯಾರ ಮನೆಗೆ ಹೋದರೂ ಮೊದಲು ಗೋಡೆಯ ಮೇಲಿನ ಮದುವೆ ಫೋಟೊ ನೋಡುತ್ತೇನೆ ಎಂದ. ನಾನೂ ಅದನ್ನೇ ಮಾಡುತ್ತಿದ್ದೆ. ಇಷ್ಟು ವರ್ಷ ಅದು ನನ್ನೊಬ್ಬನದೇ ಹುಚ್ಚು ಎಂದುಕೊಂಡಿದ್ದೆ. ಭಾಷೆ ಬೇರೆ, ಜಾತಿ ಬೇರೆ, ಅವನ ಅಪ್ಪ ನೌಕರಿಯವರು, ನಮ್ಮಪ್ಪ ಒಕ್ಕಲುತನದವರು. ಆದರೂ ಇಬ್ಬರೂ ಒಂದೇ ಫೋಟೊ ಹುಡುಕುತ್ತಿದ್ದೆವು. ಇದು ನನಗೊಬ್ಬನಿಗೇ ಬಂದದ್ದಲ್ಲ ಎಂದು ತಿಳಿಯುವುದೇ ಅರ್ಧ ವಾಸಿಯಾದಂತೆ. ಹಿರಿಯರು ಎಷ್ಟು ಸಲ ಹೇಳಿದರೂ ಅದು ತಲೆಗೆ ಹೋಗುವುದಿಲ್ಲ, ಓರಗೆಯವನು ಹೇಳಿದರೆ ಹೋಗುತ್ತದೆ.

ಆ ಎಂಟು ಜನರಲ್ಲಿ ಇಬ್ಬರು ನಡುವೆಯೇ ಬಿಟ್ಟು ಹೋದರು. ಎಲ್ಲರಿಗೂ ಎಲ್ಲವೂ ಹೊಂದುವುದಿಲ್ಲ. ತೀರ ಕುಗ್ಗಿದ ಮಗುವಿಗೆ, ಜೀವದ ಆಸೆ ಬಿಟ್ಟ ಮಾತಾಡುವ ಮಗುವಿಗೆ, ಹಿಂಸೆ ಅನುಭವಿಸಿದ ಮಗುವಿಗೆ ಗುಂಪು ಸಾಲದು. ಅವರಿಗೆ ವೈದ್ಯರ ಬಳಿ ಪ್ರತ್ಯೇಕ ಚಿಕಿತ್ಸೆ ಬೇಕು. ಅದನ್ನು ಗುರುತಿಸಿ ಕಳಿಸುವುದೂ ಗುಂಪು ನಡೆಸುವವರ ಕೆಲಸ.

ಇದೆಲ್ಲ ಬೆಂಗಳೂರಿನದಾಯಿತು, ನಮಗೇನಿದೆ ಎಂದರೆ, ನಾವು ಅಂದುಕೊಂಡದ್ದಕ್ಕಿಂತ ಹೆಚ್ಚೇ ಇದೆ. ಮಾನಸಿಕ ಆರೋಗ್ಯವನ್ನು ಜಿಲ್ಲೆಗೆ ಒಯ್ಯಬಹುದು ಎಂದು ದೇಶಕ್ಕೆ ತೋರಿಸಿದ್ದೇ ನಮ್ಮ ಕರ್ನಾಟಕ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ನಮಗೆ ಸಮೀಪದ ದೊಡ್ಡ ಸಂಸ್ಥೆ ಧಾರವಾಡದ ಡಿಮ್ಹಾನ್ಸ್; ಅದರ ಮೂಲ 1845ರ ಆಸ್ಪತ್ರೆ. ಹದಿಹರೆಯದವರಿಗಾಗಿ 2014ರಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಬಂತು. ಸರಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ ಎಂಬ ಬೋರ್ಡು ನೀವು ನೋಡಿರಬಹುದು, ಅದು ಇವರಿಗಾಗಿಯೇ. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಆರಂಭವಾಯಿತು. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅದರ ತಂತ್ರಜ್ಞಾನದ ಬೆನ್ನೆಲುಬು ಬೆಂಗಳೂರಿನ ಐಐಐಟಿಯದು ಎಂಬುದು ನನ್ನಂಥ ಎಂಜಿನಿಯರನಿಗೆ ಹೆಮ್ಮೆ. ಮಕ್ಕಳಿಗೆ ಅಪಾಯವಿದ್ದರೆ 1098. ಈ ಎರಡು ಸಂಖ್ಯೆಗಳನ್ನು ಪ್ರತಿ ತರಗತಿಯ ಗೋಡೆಯ ಮೇಲೆ ಬರೆಸೋಣ.

ಊರಿನಲ್ಲಿ ಇಂಥ ಗುಂಪು ನಡೆಸುವಾಗ ಪಟ್ಟಣಕ್ಕಿಂತ ಹೆಚ್ಚು ಎಚ್ಚರ ಬೇಕು. ಬೆಂಗಳೂರಿನಲ್ಲಿ ನಮ್ಮ ಎಂಟು ಜನರಿಗೆ ಒಬ್ಬರ ಮನೆ ಒಬ್ಬರಿಗೆ ಗೊತ್ತಿರಲಿಲ್ಲ. ಇಲ್ಲಿ ಯಾರ ಕಾಕಾ ಯಾರ ಬೀಗ ಎಂಬುದು ಎಲ್ಲರಿಗೂ ಗೊತ್ತು. ಆದ್ದರಿಂದ ‘ಸೋಡಚೀಟಿ ಆದವರ ಮಕ್ಕಳ ಗುಂಪು’ ಎಂದು ಕರೆದರೆ ಮೊದಲ ದಿನವೇ ಅದು ಮುರಿಯುತ್ತದೆ. ಅಪ್ಪ ತೀರಿಕೊಂಡವರು, ತಂದೆತಾಯಿ ಗುಳೆ ಹೋಗಿ ಆಯಿಯ ಹತ್ತಿರ ಉಳಿದವರು, ಅಪ್ಪ ಕುಡಿತಕ್ಕೆ ಬಿದ್ದವರು, ಎಲ್ಲರೂ ಬರಲಿ. ‘ಗೆಳೆಯರ ಕಟ್ಟೆ’ ಎಂದು ಹೆಸರಿಡೋಣ. ಮಗುವಿನ ಇಚ್ಛೆ ಮತ್ತು ಸಾಕುತ್ತಿರುವವರ ಒಪ್ಪಿಗೆ ಎರಡೂ ಇರಲಿ. ನಡೆಸುವವರು ಹೊರಗಿನಿಂದ ಬಂದ ತರಬೇತಾದವರೇ ಇರಲಿ. ಶಿಕ್ಷಕರ ಮೇಲೆ ಇದನ್ನೂ ಹೊರಿಸುವುದು ಬೇಡ, ಅಂಕ ಹಾಕುವವರ ಎದುರು ಮಗು ಬಿಚ್ಚಿ ಮಾತಾಡುವುದೂ ಕಷ್ಟ. ಗುಟ್ಟಿಗೂ ಒಂದು ಮಿತಿಯಿದೆ. ಮಗುವಿನ ಜೀವಕ್ಕೆ ಅಪಾಯ ಕಂಡರೆ, ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಸುಮ್ಮನಿರುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯಂತೆ ವರದಿ ಮಾಡಲೇಬೇಕು. ಆ ಮಿತಿಯನ್ನು ಮೊದಲ ದಿನವೇ ಮಕ್ಕಳಿಗೆ ಹೇಳಬೇಕು.

‘ಮನೀ ಮಾತು ಬೀದಿಗೆ ಹಾಕೋದ ಯಾಕಪಾ?’ ಎಂದು ಹಿರಿಯರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಆ ಮಾತು ಬೀದಿಯಲ್ಲಿ ಆಗಲೇ ಇದೆ, ಹಿರಿಯರೇ. ಕಿರಾಣಿ ಅಂಗಡಿಯ ಮುಂದೆ, ಬಸ್‌ಸ್ಟ್ಯಾಂಡಿನಲ್ಲಿ, ಗಿರಣಿಯಲ್ಲಿ ಹಿಟ್ಟು ಹಾಕಿಸುವಾಗ ಎಲ್ಲರೂ ಆಡುತ್ತಾರೆ. ಆಡಲು ಜಾಗವಿಲ್ಲದ್ದು ಆ ಮಗುವಿಗೊಂದಕ್ಕೇ. ಬೀದಿಯ ಮಾತನ್ನು ಒಂದು ಮುಚ್ಚಿದ ಕೋಣೆಗೆ, ನಂಬಿಕೆಯ ಜಾಗಕ್ಕೆ ತರೋಣ ಎಂಬುದಷ್ಟೇ ನನ್ನ ಕೇಳಿಕೆ.

ಬೇರೆಯಾದ ಅಥವಾ ಬೇರೆಯಾಗಲಿರುವ ಅಣ್ಣಂದಿರಿಗೆ, ಅಕ್ಕಂದಿರಿಗೆ ನಾಲ್ಕು ವಿನಂತಿ. ನೀವು ಕೂಡಿರಿ ಎಂದು ಹೇಳುವ ಅಧಿಕಾರ ನನಗಿಲ್ಲ. ಮಕ್ಕಳಿಗೆ ನಿಜ ಹೇಳಿರಿ, ಅವರ ವಯಸ್ಸಿಗೆ ತಕ್ಕಷ್ಟು. ‘ಇದರಾಗ ನಿನ್ನ ತಪ್ಪಿಲ್ಲ’ ಎಂಬ ಮಾತನ್ನು ಬಾಯಿಬಿಟ್ಟು ಹೇಳಿರಿ, ಒಂದು ಸಲ ಹೇಳಿದರೆ ಸಾಲದು. ಮಗುವಿನ ಕೈಯಲ್ಲಿ ಸಂದೇಶ ಕಳಿಸಬೇಡಿರಿ, ಇನ್ನೊಬ್ಬರನ್ನು ಅದರ ಮುಂದೆ ಬಯ್ಯಬೇಡಿರಿ. ಅದು ಇಬ್ಬರ ರಕ್ತವೂ ಹೌದು. ಕೋರ್ಟಿಗೆ ಹೋದರೂ ಮಗುವಿನ ಹಿತವೇ ಮೊದಲು ಎಂದು 1956ರ ಪಾಲಕತ್ವ ಕಾಯ್ದೆ ಹೇಳುತ್ತದೆ; ತಿಳಿವಳಿಕೆ ಬಂದ ಮಗುವಿನ ಇಚ್ಛೆಯನ್ನೂ ನ್ಯಾಯಾಲಯ ಪರಿಗಣಿಸಬಹುದು ಎಂದು 1890ರ ಕಾಯ್ದೆಯಲ್ಲೇ ಇದೆ. ಕೋರ್ಟು ಕೇಳುವ ಮೊದಲು ನೀವೇ ಮಗುವನ್ನು ಕೇಳಿರಿ.

ಇಲ್ಲಿ ಕೂತಿರುವ ವಿದ್ಯಾರ್ಥಿಗಳೇ, ನಿಮ್ಮ ತರಗತಿಯಲ್ಲಿ ಇಂಥ ಗೆಳೆಯನಿದ್ದರೆ ಕೆದಕಬೇಡಿರಿ, ಕರುಣೆಯ ಮಾತೂ ಬೇಡ. ಆಟಕ್ಕೆ ಕರೆಯಿರಿ, ಊಟದ ಹೊತ್ತಿಗೆ ಬಾಜೂಕ ಕೂಡಿರಿ. ಅಂಥವನು ನೀನೇ ಆಗಿದ್ದರೆ, ಒಬ್ಬ ಹಿರಿಯರನ್ನಾದರೂ ನಂಬಿ ಹೇಳು. ಈ ಶಾಲೆಯಲ್ಲಿ ನನಗೆ ಅಂಥವರೊಬ್ಬರು ಸಿಕ್ಕಿದ್ದರು. ಏನೂ ಕೇಳದೆ, ಸಂಜೆ ಗ್ರಂಥಾಲಯದ ಕೀಲಿ ನನ್ನ ಕೈಗೆ ಕೊಟ್ಟು ಹೋಗುತ್ತಿದ್ದರು. ಮನೆಗೆ ಹೋಗಲು ಮನಸ್ಸಾಗದ ಒಂದು ತಾಸಿಗೆ ಅವರು ನನಗೊಂದು ಜಾಗ ಕೊಟ್ಟಿದ್ದರು.

ಕೊನೆಗೆ ಹಳೆಯ ವಿದ್ಯಾರ್ಥಿಗಳಿಗೆ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟೋಣ, ಬಣ್ಣ ಹಚ್ಚಿಸೋಣ, ಒಳ್ಳೆಯದೇ. ಅದರ ಜೊತೆ ಒಂದು ಸಣ್ಣ ಕೋಣೆ, ಒಂದು ಜಮಖಾನೆ, ಒಂದು ಚೀಟಿ ಡಬ್ಬಿ, ವಾರಕ್ಕೊಮ್ಮೆ ಬಂದು ಹೋಗುವ ಇಬ್ಬರು ತರಬೇತಾದವರ ಬಸ್ ಚಾರ್ಜು ಮತ್ತು ಗೌರವಧನ, ಇಷ್ಟನ್ನು ನಮ್ಮ ಸಂಘ ಹೊರಬಹುದು. ಮೊದಲ ಎರಡು ವರ್ಷದ ಖರ್ಚಿನ ಅರ್ಧ ನನ್ನದು. ಇನ್ನರ್ಧಕ್ಕೆ ಕೈ ಎತ್ತುವವರು ಸಭೆ ಮುಗಿದ ಮೇಲೆ ಆಫೀಸಿನ ಮುಂದೆ ಸಿಗಿರಿ. ಮುಖ್ಯೋಪಾಧ್ಯಾಯರು ಮತ್ತು ಶಾಲಾಭಿವೃದ್ಧಿ ಸಮಿತಿಯವರು ಒಪ್ಪಿದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರಿಗೆ ಮತ್ತು ಡಿಮ್ಹಾನ್ಸಿಗೆ ಬರೆಯಬೇಕಾದ ಪತ್ರದ ಕರಡು ನನ್ನ ಚೀಲದಲ್ಲಿದೆ. ಬರುವ ಜೂನ್‌ನಲ್ಲಿ ಎಂಟನೆಯ ತರಗತಿಗೆ ಹೆಸರು ಹಚ್ಚುವ ಮಕ್ಕಳಲ್ಲಿ ಕೆಲವರಿಗಾದರೂ ಈ ಕಟ್ಟೆ ಬೇಕಾಗುತ್ತದೆ. ಅಷ್ಟರೊಳಗೆ ಅದು ಸಿದ್ಧವಾಗಿರಲಿ.